ಥರ್ಮೊಕಪಲ್ ಒಂದು, ಚಾನಲ್ ಮೂರು: ಫಾಲ್ಟ್ ಟಾಲರೆಂಟ್ ಕಂಟ್ರೋಲ್ ಸಿಸ್ಟಮ್‌ಗಳಲ್ಲಿ ತಾಪಮಾನದ ಅಳತೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಯ್ಲರ್, ಫರ್ನೇಸ್, ಗ್ಯಾಸ್ ಟರ್ಬೈನ್ ಇರುವ ಕಡೆ ಹೊಸದಾಗಿ ಕೆಲಸಕ್ಕೆ ಸೇರಿದ ಇನ್‌ಸ್ಟ್ರುಮೆಂಟ್ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆಗಳಿವು. ಎಲ್ಲವೂ ಥರ್ಮೊಕಪಲ್ ಬಗ್ಗೆ, ಅಂದರೆ ಎರಡು ಬೇರೆ ಲೋಹದ ತಂತಿ ಸೇರಿಸಿ ಮಾಡಿದ ತಾಪಮಾನದ ಸೆನ್ಸರ್ ಬಗ್ಗೆ. ಉತ್ತರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಸ್ಕ್ರೀನ್ ಮೇಲೆ ಮೂರು ಅಂಕಿ ಕಂಡ ಮಾತ್ರಕ್ಕೆ ಮೂರು ಅಳತೆ ಇದೆ ಅಂತ ಅಲ್ಲ. ಅದನ್ನು ಬೇಕೆಂದೇ ಮತ್ತೆ ಮತ್ತೆ ಹೇಳಿದ್ದೇನೆ.

ಥರ್ಮೊಕಪಲ್‌ನಲ್ಲಿ ವೋಲ್ಟೇಜ್ ಹುಟ್ಟುವುದು ಎಲ್ಲಿ?

ಬೆಸುಗೆ ಹಾಕಿದ ತುದಿಯಲ್ಲಿ ಅಂತ ಹೆಚ್ಚಿನವರು ಹೇಳುತ್ತಾರೆ. ಅದು ತಪ್ಪು. ಈ ತಪ್ಪನ್ನು ಮೊದಲ ದಿನವೇ ತಿದ್ದಿಕೊಂಡರೆ ಮುಂದಿನ ಅರ್ಧ ಗೊಂದಲ ತಪ್ಪುತ್ತದೆ.

ಎರಡು ಬೇರೆ ಬೇರೆ ಲೋಹದ ತಂತಿಗಳನ್ನು ಒಂದು ತುದಿಯಲ್ಲಿ ಸೇರಿಸಿ ಬಿಸಿ ಮಾಡಿದರೆ ಇನ್ನೊಂದು ತುದಿಯಲ್ಲಿ ಸಣ್ಣ ವೋಲ್ಟೇಜ್ ಸಿಗುತ್ತದೆ. ಈ ಗುಣವನ್ನು ಥಾಮಸ್ ಯೋಹಾನ್ ಸೀಬೆಕ್ 1821ರಲ್ಲಿ ಕಂಡರು. ಆದರೆ ವೋಲ್ಟೇಜ್ ಹುಟ್ಟುವುದು ತಂತಿಯ ಉದ್ದಕ್ಕೂ, ಎಲ್ಲೆಲ್ಲಿ ತಾಪಮಾನ ಬದಲಾಗುತ್ತದೋ ಅಲ್ಲಲ್ಲಿ. ತುದಿಯ ಬೆಸುಗೆ ಎರಡು ತಂತಿಗಳನ್ನು ಜೋಡಿಸುತ್ತದೆ, ಅಷ್ಟೇ. ಫರ್ನೇಸಿನ ಗೋಡೆ ದಾಟುವಾಗ ತಂತಿ 800 ಡಿಗ್ರಿಯಿಂದ 80 ಡಿಗ್ರಿಗೆ ಇಳಿಯುತ್ತದೆ ಅಂದುಕೊಳ್ಳಿ. ಸಿಗ್ನಲ್‌ನ ಬಹುಪಾಲು ಹುಟ್ಟುವುದು ಆ ಗೋಡೆಯ ದಪ್ಪದಲ್ಲೇ. ಆ ಭಾಗದ ತಂತಿ ಹಾಳಾದರೆ, ತುದಿ ಎಷ್ಟೇ ಚೆನ್ನಾಗಿದ್ದರೂ ಅಳತೆ ತಪ್ಪುತ್ತದೆ.

ಸಿಗ್ನಲ್ ತುಂಬಾ ಸಣ್ಣದು ಅನ್ನುವುದೂ ನೆನಪಿರಲಿ. ಕೆ ಟೈಪ್‌ನಲ್ಲಿ (ನಿಕ್ಕಲ್ ಮಿಶ್ರಲೋಹದ ತಂತಿಗಳ ಮಾಮೂಲಿ ಥರ್ಮೊಕಪಲ್) ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 41 ಮೈಕ್ರೋವೋಲ್ಟ್. ಸಾವಿರ ಡಿಗ್ರಿಯಲ್ಲೂ 41.276 ಮಿಲಿವೋಲ್ಟ್ ಮಾತ್ರ.

ಫಾಲ್ಟ್ ಟಾಲರೆಂಟ್ ಅಂದರೆ ಕೆಡದೇ ಇರುವ ಸಿಸ್ಟಮ್ ಅಂತಾನಾ?

ಅಲ್ಲ. ಕೆಟ್ಟರೂ ಕೆಲಸ ನಿಲ್ಲಿಸದ ಸಿಸ್ಟಮ್. ಒಂದು ಭಾಗ ಕೈಕೊಟ್ಟಾಗ ಅದನ್ನು ತಾನೇ ಗುರುತಿಸಿ, ಪಕ್ಕಕ್ಕಿಟ್ಟು, ಉಳಿದವುಗಳಿಂದ ಸರಿಯಾಗಿ ಮುಂದುವರಿಯಬೇಕು. ಇದಕ್ಕೆ ಚೆನ್ನಾಗಿ ಪಳಗಿದ ದಾರಿ ಟಿಎಂಆರ್. ಅಂದರೆ ಒಂದೇ ಕೆಲಸವನ್ನು ಮೂರು ಪ್ರತ್ಯೇಕ ಸರ್ಕ್ಯೂಟ್‌ಗಳು ಮಾಡುತ್ತವೆ, ಮೂರರಲ್ಲಿ ಎರಡರ ಮಾತು ನಡೆಯುತ್ತದೆ. 1960ರ ದಶಕದಲ್ಲಿ ಸ್ಯಾಟರ್ನ್ 5 ರಾಕೆಟ್‌ಗೆ ದಾರಿ ತೋರಿಸಿದ ಕಂಪ್ಯೂಟರ್‌ನ ಲಾಜಿಕ್ ಭಾಗ ಹೀಗೇ ಇತ್ತು. ಕಾರ್ಖಾನೆಗಳ ಸುರಕ್ಷತಾ ಸಿಸ್ಟಮ್‌ಗಳಿಗೆ, ದೊಡ್ಡ ಟರ್ಬೈನ್ ಕಂಟ್ರೋಲರ್‌ಗಳಿಗೆ ಅದೇ ಯೋಚನೆ ಆಮೇಲೆ ಬಂತು.

ಇನ್‌ಪುಟ್ ಕಾರ್ಡ್‌ನಲ್ಲಿ, ಅಂದರೆ ಸೆನ್ಸರ್ ಸಿಗ್ನಲ್ ಓದುವ ಎಲೆಕ್ಟ್ರಾನಿಕ್ ಬೋರ್ಡ್‌ನಲ್ಲಿ, ಇದು ಹೀಗಿರುತ್ತದೆ. ಫೀಲ್ಡ್‌ನಿಂದ ಬಂದ ಎರಡು ತಂತಿ ಟರ್ಮಿನಲ್‌ಗೆ ಸೇರುತ್ತವೆ. ಅಲ್ಲಿಂದ ಸಿಗ್ನಲ್ ಮೂರು ಕವಲಾಗುತ್ತದೆ. ಪ್ರತಿ ಕವಲಿಗೂ ತನ್ನದೇ ಆಂಪ್ಲಿಫೈಯರ್, ತನ್ನದೇ ಎಡಿಸಿ (ವೋಲ್ಟೇಜನ್ನು ಅಂಕಿಗೆ ತಿರುಗಿಸುವ ಚಿಪ್). ಮೂರು ಪ್ರೊಸೆಸರ್‌ಗಳು ತಮ್ಮ ತಮ್ಮ ಕವಲಿನ ಅಂಕಿಯನ್ನು ಓದಿ, ಪರಸ್ಪರ ಹಂಚಿಕೊಂಡು, ಒಂದು ಅಂಕಿಗೆ ಬರುತ್ತವೆ.

ಕವಲಿನ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಒಂದು ಕವಲಿನ ಇನ್‌ಪುಟ್ ಒಳಗೇ ಶಾರ್ಟ್ ಆದರೆ ಅದು ಉಳಿದ ಎರಡನ್ನೂ ಕೆಳಗೆಳೆಯಬಾರದು. ಅದಕ್ಕೇ ಪ್ರತಿ ಕವಲಿನ ಬಾಯಲ್ಲಿ ದೊಡ್ಡ ರೆಸಿಸ್ಟರ್ ಅಥವಾ ಐಸೊಲೇಷನ್ ಇಟ್ಟಿರುತ್ತಾರೆ. ಇಷ್ಟಿಲ್ಲದಿದ್ದರೆ ಮೂರು ಕವಲು ಹೆಸರಿಗೆ ಮಾತ್ರ ಮೂರು.

ಹಾಗಾದರೆ ಒಂದೇ ಥರ್ಮೊಕಪಲ್ ಸಾಕಲ್ವಾ? ಕಾರ್ಡ್ ಮೂರು ಸಲ ಓದುತ್ತದಲ್ಲ?

ಸಾಲದು. ಕಾರ್ಡ್‌ನ ಮೂರು ಕವಲು ಕಾಯುವುದು ಕಾರ್ಡ್‌ನ ತಪ್ಪುಗಳನ್ನು ಮಾತ್ರ. ತಂತಿಯೇ ತಪ್ಪು ಹೇಳಿದರೆ ಮೂರೂ ಕವಲು ಅದೇ ತಪ್ಪನ್ನು ನಿಷ್ಠೆಯಿಂದ ಓದುತ್ತವೆ. ಆಗ ಸ್ಕ್ರೀನ್ ಮೇಲೆ ಮೂರು ಅಂಕಿ ಒಂದಕ್ಕೊಂದು ತಾಳೆಯಾಗುತ್ತವೆ. ಎಲ್ಲಾ ಹಸಿರು. ಯಾರಿಗೂ ಅನುಮಾನ ಬರುವುದಿಲ್ಲ.

ಟ್ರಿಪ್ ಮಾಡುವ, ಅಂದರೆ ಅಪಾಯ ಕಂಡಾಗ ಪ್ಲಾಂಟನ್ನು ತಾನೇ ನಿಲ್ಲಿಸುವ, ಅಳತೆಗೆ ಮೂರು ಥರ್ಮೊಕಪಲ್ ಹಾಕಿ. ಸಾಧ್ಯವಾದರೆ ಮೂರು ಬೇರೆ ಥರ್ಮೋವೆಲ್‌ಗಳಲ್ಲಿ (ಸೆನ್ಸರ್ ಕಾಯುವ ಲೋಹದ ಕೊಳವೆ), ಮೂರು ಬೇರೆ ಕೇಬಲ್‌ಗಳಲ್ಲಿ, ಮೂರು ಬೇರೆ ಕಾರ್ಡ್‌ಗಳಿಗೆ ತನ್ನಿ. ಒಂದೇ ಥರ್ಮೋವೆಲ್‌ಗೆ ಮೂರು ಎಲಿಮೆಂಟ್ ತುರುಕಿದರೆ, ಆ ವೆಲ್ ಸೀಳಿದ ದಿನ ಮೂರೂ ಒಟ್ಟಿಗೆ ಹೋಗುತ್ತವೆ. ಒಂದೇ ಕಾರಣಕ್ಕೆ ಎಲ್ಲವೂ ಕೆಡುವುದನ್ನು ಐಇಸಿ 61508, ಐಇಸಿ 61511 ಮಾನದಂಡಗಳು ಬೇರೆಯಾಗಿಯೇ ಲೆಕ್ಕ ಹಾಕಲು ಹೇಳುತ್ತವೆ. ನನ್ನ ಅನುಭವದಲ್ಲಿ ಕಾರ್ಡ್ ಕೆಡುವುದಕ್ಕಿಂತ ಫೀಲ್ಡ್‌ನಲ್ಲಿ ಕೆಡುವುದೇ ಜಾಸ್ತಿ.

ಮೂರು ಅಂಕಿಗಳಲ್ಲಿ ಯಾವುದನ್ನು ಆರಿಸುತ್ತದೆ? ಸರಾಸರಿ ಯಾಕೆ ತೆಗೆಯುವುದಿಲ್ಲ?

ಮಧ್ಯದ್ದನ್ನು ಆರಿಸುತ್ತದೆ. ಮೂರು ಸೆನ್ಸರ್ 842, 845, 1370 ಅಂತ ತೋರಿಸಿದವು ಅನ್ನಿ. ಮೂರನೆಯದರ ತಂತಿ ತುಂಡಾಗಿದೆ. ಸರಾಸರಿ ತೆಗೆದರೆ 1019. ಕೆಟ್ಟ ಸೆನ್ಸರ್ ಒಳ್ಳೆಯ ಎರಡನ್ನೂ ಕೆಡಿಸಿತು. ಮಧ್ಯದ್ದನ್ನು ತೆಗೆದರೆ 845, ಏನೂ ಆಗಿಲ್ಲವೇನೋ ಎಂಬಂತೆ ಕೆಲಸ ನಡೆಯುತ್ತದೆ. ಕೆಟ್ಟದ್ದು ಮೇಲೆ ಹೋಗಲಿ, ಕೆಳಗೆ ಹೋಗಲಿ, ಮಧ್ಯದ್ದು ಯಾವಾಗಲೂ ಒಳ್ಳೆಯ ಎರಡರಲ್ಲಿ ಒಂದಾಗಿರುತ್ತದೆ, ಅಥವಾ ಅವೆರಡರ ನಡುವೆ ಇರುತ್ತದೆ.

ಜೊತೆಗೆ ಡೀವಿಯೇಷನ್ ಅಲಾರಂ ಇಡಬೇಕು. ಮಧ್ಯದ ಅಂಕಿಯಿಂದ ಯಾವುದಾದರೂ ಒಂದು ತುಂಬಾ ದೂರ ಹೋದರೆ ಹೇಳಬೇಕು. ಇದಿಲ್ಲದಿದ್ದರೆ ಮೊದಲ ಕೆಡುಕು ಸದ್ದಿಲ್ಲದೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಎರಡನೆಯದು ಕೆಟ್ಟ ದಿನ ಮಾತ್ರ ಗೊತ್ತಾಗುತ್ತದೆ.

ಕೋಲ್ಡ್ ಜಂಕ್ಷನ್ ಲೆಕ್ಕ ಸರಿಯಾಗಿ ಅರ್ಥವಾಗಿಲ್ಲ. ನಿಧಾನವಾಗಿ ಹೇಳುತ್ತೀರಾ?

ಥರ್ಮೊಕಪಲ್ ತಾಪಮಾನ ಹೇಳುವುದಿಲ್ಲ. ಎರಡು ತುದಿಗಳ ನಡುವಿನ ವ್ಯತ್ಯಾಸ ಹೇಳುತ್ತದೆ. ಬಿಸಿ ತುದಿ ಫರ್ನೇಸ್‌ನಲ್ಲಿದೆ. ಇನ್ನೊಂದು ತುದಿ ಪ್ಯಾನಲ್‌ನ ಟರ್ಮಿನಲ್‌ನಲ್ಲಿದೆ. ಅದೇ ಕೋಲ್ಡ್ ಜಂಕ್ಷನ್. ಆ ಟರ್ಮಿನಲ್ ಎಷ್ಟು ಬಿಸಿ ಇದೆ ಅಂತ ಗೊತ್ತಿಲ್ಲದೆ ಫರ್ನೇಸ್ ಎಷ್ಟು ಬಿಸಿ ಅಂತ ಹೇಳಲಾಗದು. ಮಾನದಂಡದ ಪಟ್ಟಿಗಳೆಲ್ಲ ಈ ಇನ್ನೊಂದು ತುದಿ 0 ಡಿಗ್ರಿಯಲ್ಲಿದೆ ಅಂತಿಟ್ಟುಕೊಂಡು ಬರೆದವು. ಹಿಂದೆ ಪ್ರಯೋಗಾಲಯಗಳಲ್ಲಿ ಆ ತುದಿಯನ್ನು ಕರಗುವ ಮಂಜುಗಡ್ಡೆಯಲ್ಲಿ ಇಡುತ್ತಿದ್ದರು. ಪ್ಯಾನಲ್‌ನಲ್ಲಿ ಮಂಜುಗಡ್ಡೆ ಇಡಲಾಗದು, ಹಾಗಾಗಿ ಟರ್ಮಿನಲ್ ಪಕ್ಕದಲ್ಲೇ ಒಂದು ಆರ್‌ಟಿಡಿ, ಥರ್ಮಿಸ್ಟರ್ ಅಥವಾ ಸೆಮಿಕಂಡಕ್ಟರ್ ಸೆನ್ಸರ್ ಇಟ್ಟು ಅದರ ತಾಪಮಾನ ಓದುತ್ತಾರೆ.

ಈಗ ಲೆಕ್ಕ. ಕೆ ಟೈಪ್, ಫರ್ನೇಸ್ 500 ಡಿಗ್ರಿ, ಟರ್ಮಿನಲ್ 40 ಡಿಗ್ರಿ. ಪಟ್ಟಿಯಲ್ಲಿ 500ಕ್ಕೆ 20.644 ಮಿಲಿವೋಲ್ಟ್, 40ಕ್ಕೆ 1.612. ಕಾರ್ಡ್‌ಗೆ ಸಿಗುವುದು ಇವುಗಳ ವ್ಯತ್ಯಾಸ, 19.032. ಇದನ್ನೇ ನೇರವಾಗಿ ಪಟ್ಟಿಯಲ್ಲಿ ನೋಡಿದರೆ ಸುಮಾರು 462 ಡಿಗ್ರಿ ಬರುತ್ತದೆ. ಸರಿ, 40 ಸೇರಿಸೋಣ ಅಂದರೆ 502. ಇದೂ ತಪ್ಪು! ಥರ್ಮೊಕಪಲ್‌ನ ಗೆರೆ ನೇರವಾಗಿಲ್ಲ, ಡಿಗ್ರಿಗಳನ್ನು ಹಾಗೆ ಕೂಡಿಸಲಾಗದು. ಮೊದಲು 40 ಡಿಗ್ರಿಯನ್ನು 1.612 ಮಿಲಿವೋಲ್ಟ್ ಮಾಡಿ, ಅದನ್ನು 19.032ಕ್ಕೆ ಕೂಡಿಸಿ, ಸಿಕ್ಕ 20.644ನ್ನು ಡಿಗ್ರಿಗೆ ತಿರುಗಿಸಬೇಕು. ಕಾರ್ಡ್ ಒಳಗೆ ನಡೆಯುವುದು ಇದೇ. ಕೈಯಿಂದ ಲೆಕ್ಕ ಹಾಕುವಾಗ ಹೆಚ್ಚಿನವರು ಎಡವುವುದೂ ಇಲ್ಲೇ.

ಇನ್ನೊಂದು ಸಂಗತಿ ಕಣ್ಣಾರೆ ಕಂಡಿದ್ದು. ಒಂದು ಕಡೆ ಪ್ಯಾನಲ್ ಬಾಗಿಲು ತೆಗೆದಾಗಲೆಲ್ಲ ಕೆಲವು ಪಾಯಿಂಟ್‌ಗಳು ಮೂರ್ನಾಲ್ಕು ಡಿಗ್ರಿ ಜಾರುತ್ತಿದ್ದವು. ಎಲ್ಲರೂ ಕಾರ್ಡ್ ಬದಲಿಸಿ ಸುಸ್ತಾಗಿದ್ದರು. ನೋಡಿದರೆ ಏಸಿಯ ತಣ್ಣನೆ ಗಾಳಿ ಟರ್ಮಿನಲ್ ಸಾಲಿನ ಒಂದು ತುದಿಗೆ ಮಾತ್ರ ಬಡಿಯುತ್ತಿತ್ತು. ಸೆನ್ಸರ್ ಇದ್ದದ್ದು ಇನ್ನೊಂದು ತುದಿಯಲ್ಲಿ. ಟರ್ಮಿನಲ್‌ಗಳ ಮೇಲೆ ಹಾಕುವ ಮುಚ್ಚಳವನ್ನು ಯಾರೋ ತೆಗೆದು ಪ್ಯಾನಲ್ ತಳದಲ್ಲಿ ಇಟ್ಟಿದ್ದರು. ಅದನ್ನು ಮತ್ತೆ ಹಾಕಿದೆವು, ಜಾರುವುದು ನಿಂತಿತು. ಆ ಮುಚ್ಚಳ ಧೂಳಿಗೆ ಮಾತ್ರ ಅಲ್ಲ. ಸಾಲಿನಲ್ಲಿರುವ ಎಲ್ಲಾ ಟರ್ಮಿನಲ್‌ಗಳೂ ಒಂದೇ ತಾಪಮಾನದಲ್ಲಿ ಇರಲಿ ಅಂತ ಇರುವುದು.

ಆ ಕೋಲ್ಡ್ ಜಂಕ್ಷನ್ ಸೆನ್ಸರೇ ಕೆಟ್ಟರೆ?

ಆಗ ಆ ಟರ್ಮಿನಲ್ ಬೋರ್ಡ್‌ನಲ್ಲಿರುವ ಎಲ್ಲಾ ಥರ್ಮೊಕಪಲ್‌ಗಳೂ ಒಟ್ಟಿಗೆ ಜಾರುತ್ತವೆ. ಟ್ರಿಪ್‌ನ ಮೂರು ಥರ್ಮೊಕಪಲ್‌ಗಳನ್ನು ಒಂದೇ ಬೋರ್ಡ್‌ಗೆ ತರಬೇಡಿ ಅನ್ನುವುದು ಇದಕ್ಕೇ. ಒಂದು ಬೋರ್ಡ್‌ಗೆ ಒಂದಕ್ಕಿಂತ ಹೆಚ್ಚು ಸೆನ್ಸರ್ ಇರುವ ವಿನ್ಯಾಸಗಳಿವೆ. ಸೆನ್ಸರ್ ಓದು ನಂಬಲಾಗದಷ್ಟು ದೂರ ಹೋದರೆ ಕೆಲವು ಸಿಸ್ಟಮ್‌ಗಳು ಮೊದಲೇ ನಿಗದಿ ಮಾಡಿದ ಒಂದು ತಾಪಮಾನವನ್ನು ಬಳಸಿ ಅಲಾರಂ ಕೊಡುತ್ತವೆ. ಪ್ಯಾನಲ್ ಕೋಣೆಯ ತಾಪಮಾನವನ್ನು ಒಂದು ಪಾಯಿಂಟ್ ಆಗಿ ಟ್ರೆಂಡ್‌ನಲ್ಲಿ ಇಟ್ಟುಕೊಳ್ಳಿ, ಹೋಲಿಸಿ ನೋಡುವುದು ಸುಲಭವಾಗುತ್ತದೆ.

ತಂತಿ ತುಂಡಾಗಿದೆ ಅಂತ ಸಿಸ್ಟಮ್‌ಗೆ ಹೇಗೆ ಗೊತ್ತಾಗುತ್ತದೆ?

ಕಾರ್ಡ್ ಆ ತಂತಿಗಳ ಮೂಲಕ ತುಂಬಾ ಸಣ್ಣ ಕರೆಂಟ್ ಹರಿಸುತ್ತಿರುತ್ತದೆ. ತಂತಿ ಗಟ್ಟಿಯಿದ್ದರೆ ಅದು ಸುಮ್ನೆ ಸುತ್ತಿ ಬರುತ್ತದೆ. ತುಂಡಾದರೆ ಹೋಗಲು ದಾರಿಯಿಲ್ಲದೆ ಇನ್‌ಪುಟ್ ವೋಲ್ಟೇಜ್‌ನ್ನು ಒಂದು ಅಂಚಿಗೆ ತಳ್ಳುತ್ತದೆ. ಇದಕ್ಕೆ ಬರ್ನ್‌ಔಟ್ ಪತ್ತೆ ಅನ್ನುತ್ತೇವೆ. ಮೇಲಿನ ಅಂಚಿಗೆ ಹೋಗಬೇಕಾ, ಕೆಳಗಿನ ಅಂಚಿಗಾ ಅನ್ನುವುದನ್ನು ನಾವೇ ಆರಿಸಬೇಕು.

ಈ ಆಯ್ಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬರ್ನರ್ ಕಂಟ್ರೋಲ್ ಮಾಡುವ ಥರ್ಮೊಕಪಲ್ ತುಂಡಾಗಿ ಅಂಕಿ ಕೆಳಗೆ ಬಿದ್ದರೆ, ಫರ್ನೇಸ್ ತಣ್ಣಗಾಯಿತು ಅಂದುಕೊಂಡು ಕಂಟ್ರೋಲರ್ ಇನ್ನಷ್ಟು ಇಂಧನ ಬಿಡುತ್ತದೆ. ಅಲ್ಲಿ ಅಂಕಿ ಮೇಲಕ್ಕೇ ಹೋಗಬೇಕು. ತಾಪಮಾನ ಕಡಿಮೆಯಾದರೆ ಅಪಾಯ ಇರುವ ಕಡೆ ಇದು ತಿರುವುಮುರುವು. ಎಲ್ಲಾ ಚಾನಲ್‌ಗೂ ಒಂದೇ ಸೆಟ್ಟಿಂಗ್ ಕಾಪಿ ಮಾಡಿದ ಫೈಲ್‌ಗಳನ್ನು ನಾನು ನೋಡಿದ್ದೇನೆ. ಪ್ರತಿ ಪಾಯಿಂಟ್‌ಗೂ ಒಂದು ನಿಮಿಷ ಯೋಚಿಸಿದರೆ ಸಾಕಿತ್ತು.

ಟಿಎಂಆರ್‌ನಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಮೂರು ಕವಲುಗಳೂ ತಮ್ಮ ತಮ್ಮ ಕರೆಂಟ್ ಹರಿಸಿದರೆ ಅವು ಒಂದೇ ತಂತಿಯಲ್ಲಿ ಕೂಡುತ್ತವೆ. ಉದಾಹರಣೆಗೆ ಒಂದೊಂದು 0.1 ಮೈಕ್ರೋಆಂಪ್, ತಂತಿಯ ರೆಸಿಸ್ಟೆನ್ಸ್ 200 ಓಮ್. ಒಟ್ಟು 60 ಮೈಕ್ರೋವೋಲ್ಟ್ ತಪ್ಪು, ಅಂದರೆ ಕೆ ಟೈಪ್‌ನಲ್ಲಿ ಸುಮಾರು ಒಂದೂವರೆ ಡಿಗ್ರಿ. ಒಂದು ಕವಲು ಕೆಟ್ಟು ಅದರ ಕರೆಂಟ್ ನಿಂತರೆ ಅಂಕಿ ಸ್ವಲ್ಪ ಜರಗುತ್ತದೆ. ಇದನ್ನು ತಪ್ಪಿಸಲು ಕೆಲವು ಕಾರ್ಡ್‌ಗಳು ಕರೆಂಟ್‌ನ್ನು ಆಗಾಗ ಮಾತ್ರ ಬಿಟ್ಟು, ನಿಲ್ಲಿಸಿದಾಗ ಅಳತೆ ಮಾಡುತ್ತವೆ. ದಪ್ಪ ತಂತಿ ಬಳಸುವುದೂ ಒಂದು ಉಪಾಯ.

ತಂತಿಗಳು ಶಾರ್ಟ್ ಆದರೂ ಬರ್ನ್‌ಔಟ್ ಪತ್ತೆ ಹಿಡಿಯುತ್ತದಾ?

ಹಿಡಿಯುವುದಿಲ್ಲ. ಅದಕ್ಕೇ ನನಗೆ ತುಂಡಾದ ತಂತಿಗಿಂತ ಶಾರ್ಟ್ ಆದ ತಂತಿಯ ಭಯ ಜಾಸ್ತಿ. ಇನ್ಸುಲೇಷನ್ ಸುಟ್ಟು ಎರಡು ತಂತಿ ದಾರಿಯಲ್ಲಿ ತಾಗಿಕೊಂಡರೆ, ಆ ಜಾಗವೇ ಹೊಸ ಬಿಸಿ ತುದಿಯಾಗುತ್ತದೆ. ಫರ್ನೇಸ್ 800 ಇದ್ದರೂ ಕೇಬಲ್ ಟ್ರೇಯ 60 ಡಿಗ್ರಿಯನ್ನು ಸಲೀಸಾಗಿ ತೋರಿಸುತ್ತದೆ. ಸರ್ಕ್ಯೂಟ್ ಸರಿಯಿದೆ, ಅಂಕಿಯೂ ನಂಬುವ ಹಾಗಿದೆ. ಇದನ್ನು ಹಿಡಿಯುವುದು ಪಕ್ಕದ ಎರಡು ಥರ್ಮೊಕಪಲ್‌ಗಳ ಜೊತೆಗಿನ ಹೋಲಿಕೆ ಮಾತ್ರ. ಅಂಕಿ ಇದ್ದಕ್ಕಿದ್ದಂತೆ ಬಿದ್ದರೆ ಅಲಾರಂ ಕೊಡುವ ವ್ಯವಸ್ಥೆಯೂ ನೆರವಾಗುತ್ತದೆ.

ಫೀಲ್ಡ್‌ನಿಂದ ಪ್ಯಾನಲ್‌ವರೆಗೆ ಮಾಮೂಲಿ ತಾಮ್ರದ ಕೇಬಲ್ ಎಳೆದರೆ ಏನಾಗುತ್ತದೆ?

ಇದಕ್ಕೆ ಉತ್ತರವಾಗಿ ನಾನು ಮರೆಯಲಾಗದ ಒಂದು ಘಟನೆ ಹೇಳುತ್ತೇನೆ.

ಒಂದು ಫರ್ನೇಸ್‌ನಲ್ಲಿ ಮೂರು ಕೆ ಟೈಪ್ ಥರ್ಮೊಕಪಲ್, ಮಧ್ಯದ ಅಂಕಿಯ ಆಯ್ಕೆ. ಒಂದು ಶಟ್‌ಡೌನ್‌ನಲ್ಲಿ ಹಳೆಯ ಕೇಬಲ್ ಬದಲಿಸಿದರು. ಮೂರರಲ್ಲಿ ಎರಡಕ್ಕೆ ಅವಸರದಲ್ಲಿ ತಾಮ್ರದ ಕೇಬಲ್ ಬಿತ್ತು. ಥರ್ಮೊಕಪಲ್ ತಲೆ (ತಂತಿ ಕೇಬಲ್‌ಗೆ ಸೇರುವ ಪೆಟ್ಟಿಗೆ) ಇರುವ ಜಾಗ 75 ಡಿಗ್ರಿ, ಪ್ಯಾನಲ್ 30 ಡಿಗ್ರಿ. ತಾಮ್ರದ ಕೇಬಲ್ ಆ 45 ಡಿಗ್ರಿಯ ವ್ಯತ್ಯಾಸವನ್ನು ನುಂಗಿಬಿಟ್ಟಿತು. ಫರ್ನೇಸ್ 820 ಇದ್ದಾಗ ಎರಡು 775 ತೋರಿಸಿದವು, ಒಂದು ಮಾತ್ರ 820. ಮಧ್ಯದ ಅಂಕಿ 775. ಕಂಟ್ರೋಲರ್ ಇನ್ನೂ ಇಂಧನ ಕೊಟ್ಟಿತು. ಡೀವಿಯೇಷನ್ ಅಲಾರಂ ಬಂದಿದ್ದು ಸರಿಯಾಗಿದ್ದ ಆ ಒಂದರ ಮೇಲೆ! ಶಿಫ್ಟ್‌ನವರು ಅದನ್ನೇ ಎರಡು ಸಲ ಬದಲಿಸಿದರು. ಹೊಸದೂ 45 ಡಿಗ್ರಿ ಜಾಸ್ತಿಯೇ ತೋರಿಸಿದಾಗ ಒಬ್ಬ ಟೆಕ್ನಿಷಿಯನ್, "ಸಾರ್, ಇದು ಸರಿ ಇದ್ದು, ಅವೆರಡೇ ತಪ್ಪಿರಬಹುದಾ?" ಅಂದರು. ಅವತ್ತು ಆ ಮಾತು ಬರದಿದ್ದರೆ ಟ್ಯೂಬ್‌ಗಳು ಎಷ್ಟು ದಿನ ಹಾಗೆ ಬೇಯುತ್ತಿದ್ದವೋ.

ಥರ್ಮೊಕಪಲ್‌ಗೆ ಅದೇ ಟೈಪ್‌ನ ಎಕ್ಸ್‌ಟೆನ್ಷನ್ ಅಥವಾ ಕಾಂಪೆನ್ಸೇಟಿಂಗ್ ಕೇಬಲ್ಲೇ, ಅಂದರೆ ಅದೇ ವೋಲ್ಟೇಜ್ ಗುಣದ ಲೋಹಗಳ ಕೇಬಲ್ಲೇ ಬೇಕು. ಜಂಕ್ಷನ್ ಬಾಕ್ಸ್‌ನ ಟರ್ಮಿನಲ್‌ಗಳೂ ಹೊಂದುವಂಥವು ಇದ್ದರೆ ಒಳ್ಳೆಯದು. ಇಲ್ಲವಾದರೆ ಟರ್ಮಿನಲ್‌ನ ಎರಡೂ ಬದಿ ಒಂದೇ ತಾಪಮಾನದಲ್ಲಿ ಇರಬೇಕು, ಆಗ ತೊಂದರೆಯಾಗುವುದಿಲ್ಲ.

ಕೇಬಲ್‌ನ ಬಣ್ಣ ನೋಡಿ ಪಾಸಿಟಿವ್, ನೆಗೆಟಿವ್ ಹೇಳಬಹುದಾ?

ಯಾವ ಮಾನದಂಡದ ಕೇಬಲ್ ಅಂತ ಗೊತ್ತಿದ್ದರೆ ಮಾತ್ರ. ಅಮೆರಿಕದ ಪದ್ಧತಿಯಲ್ಲಿ ಕೆಂಪು ತಂತಿ ನೆಗೆಟಿವ್. ಹೌದು, ನೆಗೆಟಿವ್. ಕೆ ಟೈಪ್‌ನ ಪಾಸಿಟಿವ್ ಹಳದಿ. ಐಇಸಿ ಪದ್ಧತಿಯಲ್ಲಿ ಕೆ ಟೈಪ್‌ನ ಪಾಸಿಟಿವ್ ಹಸಿರು, ನೆಗೆಟಿವ್ ಬಿಳಿ. ಬ್ಯಾಟರಿಯ ಅಭ್ಯಾಸದಿಂದ ಕೆಂಪನ್ನು ಪಾಸಿಟಿವ್‌ಗೆ ಹಾಕುವವರು ತುಂಬಾ ಜನ.

ಒಂದು ಕಡೆ ಮಾತ್ರ ತಿರುವಿದ್ದರೆ ಫರ್ನೇಸ್ ಬಿಸಿಯಾದಂತೆ ಅಂಕಿ ಇಳಿಯುತ್ತದೆ, ತಕ್ಷಣ ಗೊತ್ತಾಗುತ್ತದೆ. ಕೇಬಲ್‌ನ ಎರಡೂ ತುದಿಯಲ್ಲಿ ತಿರುವಿದ್ದರೆ ಅಂಕಿ ಏರುತ್ತಲೇ ಇರುತ್ತದೆ, ಆದರೆ ತಪ್ಪು ದುಪ್ಪಟ್ಟು. ಮೇಲಿನ ಲೆಕ್ಕದಲ್ಲೇ ಹೇಳುವುದಾದರೆ 45ರ ಬದಲು 90 ಡಿಗ್ರಿ ಕಡಿಮೆ.

ಅಂಕಿ ಸುಮ್ಮನಿರದೆ ಕುಣಿಯುತ್ತಿರುತ್ತದೆ. ಏನು ಮಾಡಲಿ?

ಮೊದಲು ಕೇಬಲ್‌ನ ಶೀಲ್ಡ್ (ಗದ್ದಲ ತಡೆಯುವ ಲೋಹದ ಹೊದಿಕೆ) ಎಲ್ಲೆಲ್ಲಿ ಅರ್ಥ್ ಆಗಿದೆ ನೋಡಿ. ಒಂದೇ ಕಡೆ ಆಗಿರಬೇಕು. ತುದಿ ತನ್ನ ಹೊರಕವಚಕ್ಕೆ ಬೆಸೆದುಕೊಂಡ ಗ್ರೌಂಡೆಡ್ ಥರ್ಮೊಕಪಲ್ ಆಗಿದ್ದು, ಕಾರ್ಡ್‌ನಲ್ಲಿ ಐಸೊಲೇಷನ್ ಇಲ್ಲದಿದ್ದರೆ ಗ್ರೌಂಡ್ ಲೂಪ್ ಆಗುತ್ತದೆ, ಅಂದರೆ ಎರಡು ಅರ್ಥ್‌ಗಳ ನಡುವೆ ಬೇಡದ ಕರೆಂಟ್ ಹರಿಯುತ್ತದೆ. ಮೋಟಾರ್ ಕೇಬಲ್ ಇರುವ ಟ್ರೇಯಲ್ಲೇ ಥರ್ಮೊಕಪಲ್ ಕೇಬಲ್ ಹೋಗಿದೆಯಾ ನೋಡಿ. ಒಳ್ಳೆಯ ಕಾರ್ಡ್‌ಗಳು 20 ಮಿಲಿಸೆಕೆಂಡ್‌ನಷ್ಟು, ಅಂದರೆ 50 ಹರ್ಟ್ಸ್‌ನ ಒಂದು ಪೂರ್ತಿ ಸುತ್ತು, ಸಿಗ್ನಲ್‌ನ್ನು ಕೂಡಿಸಿ ಓದುತ್ತವೆ. ಆಗ ಕರೆಂಟ್ ಲೈನಿನ ಗದ್ದಲ ತನ್ನನ್ನು ತಾನೇ ಕಳೆದುಕೊಳ್ಳುತ್ತದೆ. 60 ಹರ್ಟ್ಸ್ ಇರುವ ಕಡೆ ಅದು 16.67 ಮಿಲಿಸೆಕೆಂಡ್. ಸೆಟ್ಟಿಂಗ್ ತಪ್ಪಿದ್ದರೆ ಅಂಕಿ ಕುಣಿಯುತ್ತದೆ.

ಕಾರ್ಡ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ ಅನ್ನುತ್ತಾರೆ. ಹೇಗೆ?

ಒಳಗಿರುವ ಸ್ವಿಚ್ ಆಗಾಗ ಫೀಲ್ಡ್ ಸಿಗ್ನಲ್ ಬಿಟ್ಟು ಸೊನ್ನೆ ವೋಲ್ಟನ್ನೂ ಒಂದು ಗೊತ್ತಿರುವ ರೆಫರೆನ್ಸ್ ವೋಲ್ಟೇಜನ್ನೂ ಎಡಿಸಿಗೆ ಕೊಡುತ್ತದೆ. ಬಂದ ಅಂಕಿ ಸ್ವಲ್ಪ ಜಾರಿದ್ದರೆ ತಾನೇ ತಿದ್ದಿಕೊಳ್ಳುತ್ತದೆ. ತುಂಬಾ ಜಾರಿದ್ದರೆ ಆ ಕವಲನ್ನು ಕೆಟ್ಟದ್ದು ಅಂತ ಘೋಷಿಸುತ್ತದೆ. ಅನೇಕ ಸಿಸ್ಟಮ್‌ಗಳಲ್ಲಿ ಪಕ್ಕದ ಸ್ಲಾಟ್‌ಗೆ ಹೊಸ ಕಾರ್ಡ್ ಹಾಕಿದರೆ ಪ್ಲಾಂಟ್ ನಡೆಯುತ್ತಿರುವಾಗಲೇ ಜವಾಬ್ದಾರಿ ಅದಕ್ಕೆ ದಾಟುತ್ತದೆ. ಆದರೆ ಇದೆಲ್ಲ ಟರ್ಮಿನಲ್‌ನಿಂದ ಒಳಗಿನ ಪರೀಕ್ಷೆ. ಟರ್ಮಿನಲ್‌ನಿಂದ ಹೊರಗೆ ಏನಿದೆ ಅಂತ ಅದಕ್ಕೆ ಗೊತ್ತಿಲ್ಲ.

ಥರ್ಮೊಕಪಲ್ ತುಂಡಾಗದೆಯೂ ಹಾಳಾಗುತ್ತದಾ?

ಆಗುತ್ತದೆ, ನಿಧಾನವಾಗಿ. ಕೆ ಟೈಪ್‌ನ ಪಾಸಿಟಿವ್ ತಂತಿಯಲ್ಲಿ ನಿಕ್ಕಲ್ ಜೊತೆ ಕ್ರೋಮಿಯಂ ಇದೆ. ಸುಮಾರು 800ರಿಂದ 1050 ಡಿಗ್ರಿ, ಆಮ್ಲಜನಕ ತೀರಾ ಕಡಿಮೆ ಇರುವ ಜಾಗದಲ್ಲಿ, ಕ್ರೋಮಿಯಂ ಮಾತ್ರ ಆಕ್ಸೈಡ್ ಆಗುತ್ತಾ ಹೋಗುತ್ತದೆ. ಹಸಿರು ಪುಡಿ ಕಾಣುವುದರಿಂದ ಇದಕ್ಕೆ ಗ್ರೀನ್ ರಾಟ್ ಅಂತ ಹೆಸರು. ಅಂಕಿ ನಿಜಕ್ಕಿಂತ ಕಡಿಮೆಯಾಗುತ್ತಾ ಬರುತ್ತದೆ. ಪಾಸಿಟಿವ್ ತಂತಿ ಮಾಮೂಲಾಗಿ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಗ್ರೀನ್ ರಾಟ್ ಆದರೆ ಅಂಟುತ್ತದೆ. ಹಳೆಯದನ್ನು ಬಿಚ್ಚಿದಾಗ ಒಂದು ಸಣ್ಣ ಮ್ಯಾಗ್ನೆಟ್ ಹಿಡಿದು ನೋಡಿ.

ಮೂರು ಥರ್ಮೊಕಪಲ್ ಒಂದೇ ದಿನ ಹಾಕಿದ್ದರೆ ಮೂರೂ ಒಟ್ಟಿಗೆ ಕೆಳಗೆ ಜಾರುತ್ತವೆ, ಮತದಾನಕ್ಕೆ ಏನೂ ಕಾಣುವುದಿಲ್ಲ. ಬದಲಿಸುವ ದಿನಗಳನ್ನು ಬೇರೆ ಬೇರೆ ಇಡಿ ಅನ್ನುವುದು ನನ್ನ ಸಲಹೆ. ಇಂಥ ಜಾಗಕ್ಕೆ ಎನ್ ಟೈಪ್ ಹೆಚ್ಚು ತಾಳುತ್ತದೆ. ಇನ್ನೂ ಮೇಲಿನ ತಾಪಮಾನಕ್ಕೆ ಪ್ಲಾಟಿನಂ ಇರುವ ಎಸ್, ಆರ್, ಬಿ ಟೈಪ್‌ಗಳಿವೆ.

ಗ್ಯಾಸ್ ಟರ್ಬೈನ್‌ಗಳಲ್ಲಿ ಇಪ್ಪತ್ತಕ್ಕೂ ಜಾಸ್ತಿ ಥರ್ಮೊಕಪಲ್ ಇರುತ್ತವಲ್ಲ, ಅವೂ ಮೂರು ಮೂರಾ?

ಅಲ್ಲಿ ಲೆಕ್ಕ ಬೇರೆ. ಎಕ್ಸಾಸ್ಟ್ ಸುತ್ತ ವೃತ್ತಾಕಾರದಲ್ಲಿ 18, 24, 27 ಹೀಗೆ ಮಾದರಿಗೆ ತಕ್ಕಂತೆ ಇರುತ್ತವೆ. ಒಂದೊಂದನ್ನೂ ಮೂರು ಸಲ ಓದುವ ಬದಲು, ಸಾಲಾಗಿ ಮೂರು ಕಂಟ್ರೋಲರ್‌ಗಳಿಗೆ ಹಂಚುವ ಪದ್ಧತಿ ಇದೆ. ಒಂದನೆಯದು ಮೊದಲ ಕಂಟ್ರೋಲರ್‌ಗೆ, ಎರಡನೆಯದು ಎರಡನೆಯದಕ್ಕೆ, ಮೂರನೆಯದು ಮೂರನೆಯದಕ್ಕೆ, ನಾಲ್ಕನೆಯದು ಮತ್ತೆ ಮೊದಲನೆಯದಕ್ಕೆ. ಒಂದು ಕಂಟ್ರೋಲರ್ ಕಣ್ಣು ಮುಚ್ಚಿದರೂ ವೃತ್ತದ ಎಲ್ಲಾ ಕಡೆ ಇನ್ನೂ ಕಣ್ಣುಗಳಿರುತ್ತವೆ. ಜೊತೆಗೆ ಎಲ್ಲಾದರೂ ಒಂದು ಕಡೆ ತಣ್ಣಗಿದ್ದರೆ ಯಾವುದೋ ಕಂಬಶ್ಚನ್ ಚೇಂಬರ್ ಸರಿಯಾಗಿ ಉರಿಯುತ್ತಿಲ್ಲ ಅಂತಲೂ ಇವುಗಳಿಂದಲೇ ಗೊತ್ತಾಗುವುದು. ನನಗೆ ತುಂಬಾ ಇಷ್ಟವಾದ ವಿನ್ಯಾಸ ಇದು.

ಒಂದನ್ನು ಬೈಪಾಸ್ ಮಾಡಿದಾಗ ಮೂರರಲ್ಲಿ ಎರಡು ಅನ್ನುವ ನಿಯಮ ಏನಾಗುತ್ತದೆ?

ಅದನ್ನು ಮೊದಲೇ ಬರೆದಿಟ್ಟಿರಬೇಕು. ಉಳಿದ ಎರಡರಲ್ಲಿ ಯಾವುದೇ ಒಂದು ಹೇಳಿದರೂ ಟ್ರಿಪ್ ಆಗುವಂತೆ ಮಾಡಿದರೆ ಸುರಕ್ಷತೆ ಉಳಿಯುತ್ತದೆ, ಸುಳ್ಳು ಟ್ರಿಪ್ ಜಾಸ್ತಿಯಾಗಬಹುದು. ಎರಡೂ ಹೇಳಿದರೆ ಮಾತ್ರ ಟ್ರಿಪ್ ಅಂದರೆ ಪ್ಲಾಂಟ್ ನಿಲ್ಲದೆ ನಡೆಯುತ್ತದೆ, ಆದರೆ ಇನ್ನೊಂದು ಕೆಟ್ಟರೆ ಕಾವಲೇ ಇಲ್ಲ. ನಾನು ಮೊದಲನೆಯದನ್ನೇ ಆರಿಸುತ್ತೇನೆ, ಜೊತೆಗೆ ಬೈಪಾಸ್‌ಗೆ ಗಂಟೆಗಳ ಮಿತಿ ಇಡುತ್ತೇನೆ.

ಥರ್ಮೊಕಪಲ್ ಬಿಟ್ಟು ಟ್ರಾನ್ಸ್‌ಮಿಟರ್ ಹಾಕಿದರೆ ಒಳ್ಳೆಯದಲ್ವಾ?

ಟ್ರಾನ್ಸ್‌ಮಿಟರ್ ಅಂದರೆ ಥರ್ಮೊಕಪಲ್ ಹತ್ತಿರವೇ ಕೂತು ಅದರ ಸಿಗ್ನಲ್‌ನ್ನು ಕರೆಂಟ್ ಆಗಿ ಬದಲಿಸಿ ಕಳಿಸುವ ಪೆಟ್ಟಿಗೆ. ದೂರ ಜಾಸ್ತಿ ಇದ್ದರೆ ಒಳ್ಳೆಯದು. 4ರಿಂದ 20 ಮಿಲಿಆಂಪ್ ಸಿಗ್ನಲ್ ಮಾಮೂಲಿ ತಾಮ್ರದ ಕೇಬಲ್‌ನಲ್ಲಿ ಬರುತ್ತದೆ. ಕೋಲ್ಡ್ ಜಂಕ್ಷನ್ ಲೆಕ್ಕ ಟ್ರಾನ್ಸ್‌ಮಿಟರ್ ಒಳಗೇ ಮುಗಿಯುತ್ತದೆ. ನಾಮುರ್ ಎನ್‌ಇ 43 ಅನ್ನುವ ಶಿಫಾರಸಿನ ಪ್ರಕಾರ 3.6 ಮಿಲಿಆಂಪ್‌ವರೆಗೆ ಇಳಿದರೆ ಅಥವಾ 21ರಿಂದ ಮೇಲೆ ಹೋದರೆ ಅದು ಅಳತೆಯಲ್ಲ, ಕೆಡುಕಿನ ಸುದ್ದಿ. ಆದರೆ ಬಿಸಿ ಜಾಗದಲ್ಲಿ ಇನ್ನೊಂದು ಎಲೆಕ್ಟ್ರಾನಿಕ್ ಪೆಟ್ಟಿಗೆ ಸೇರಿದ ಹಾಗಾಯಿತು. ಅದೂ ಕೆಡಬಹುದು.

ಕ್ಯಾಲಿಬ್ರೇಟರ್‌ನಿಂದ ಪರೀಕ್ಷಿಸುವಾಗ ಎಲ್ಲಿಂದ ಸಿಗ್ನಲ್ ಕೊಡಬೇಕು?

ಕ್ಯಾಲಿಬ್ರೇಟರ್ ಅಂದರೆ ಥರ್ಮೊಕಪಲ್‌ನ ಬದಲಿಗೆ ಗೊತ್ತಿರುವ ವೋಲ್ಟೇಜ್ ಕೊಡುವ ಉಪಕರಣ. ಪ್ಯಾನಲ್ ಟರ್ಮಿನಲ್‌ನಿಂದ ಕೊಟ್ಟರೆ ಕಾರ್ಡ್ ಪರೀಕ್ಷೆ ಮಾತ್ರ ಆಗುತ್ತದೆ. ಥರ್ಮೊಕಪಲ್ ತಲೆಯ ಹತ್ತಿರ ಹೋಗಿ, ತಂತಿ ಬಿಚ್ಚಿ, ಅಲ್ಲಿಂದ ಕೊಡಿ. ಕ್ಯಾಲಿಬ್ರೇಟರ್ ಕೆ ಟೈಪ್ ಮೋಡ್‌ನಲ್ಲಿದ್ದರೆ ಅದರಿಂದ ಟರ್ಮಿನಲ್‌ವರೆಗಿನ ತಂತಿಯೂ ಕೆ ಟೈಪ್ ಇರಬೇಕು, ತಾಮ್ರದ ಲೀಡ್ ಅಲ್ಲ. ಕ್ಯಾಲಿಬ್ರೇಟರ್ ಅಲ್ಲಿನ ಬಿಸಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬಿಡಿ. ತಲೆ 75 ಡಿಗ್ರಿ ಬಿಸಿ ಇರುವಾಗ, ಪ್ಲಾಂಟ್ ನಡೆಯುತ್ತಿರುವಾಗಲೇ ಈ ಪರೀಕ್ಷೆ ಮಾಡಿದರೆ ತಾಮ್ರದ ಕೇಬಲ್ ಮತ್ತು ಎರಡು ಕಡೆ ತಿರುವಿದ ತಂತಿ ಎರಡೂ ಸಿಕ್ಕಿಬೀಳುತ್ತವೆ. ಶಟ್‌ಡೌನ್‌ನಲ್ಲಿ ತಲೆಯೂ ಪ್ಯಾನಲ್ಲೂ 30 ಡಿಗ್ರಿ ಇರುವಾಗ ಮಾಡಿದರೆ ಎರಡೂ ತಪ್ಪುಗಳು ಸೊನ್ನೆ ತೋರಿಸಿ ಪಾಸಾಗುತ್ತವೆ. ಆ ಫರ್ನೇಸ್‌ನ ಕೇಬಲ್‌ಗಳೂ ಶಟ್‌ಡೌನ್ ಪರೀಕ್ಷೆಯಲ್ಲಿ ಹಾಗೇ ಪಾಸಾಗಿದ್ದವು.